ಪದಚರ್ಚೆ: ಟೈರಿನ ಮೇಲಿನ ‘45’ಕ್ಕೆ, ರಿಮ್ಮಿನ ಆಫ್‌ಸೆಟ್‌ಗೆ ಕನ್ನಡದಲ್ಲಿ ಏನೆನ್ನೋಣ?

ಹಾಸನದಿಂದ, ಮಂಗಳವಾರ ಬೆಳಿಗ್ಗೆ

ನಾಳೆ ಸಂಜೆ ಫಲಕ ಬರೆಯುವವರು ಬರುತ್ತಾರೆ. ಬಿ.ಎಂ. ರಸ್ತೆಯಲ್ಲಿ ಪರಿಚಿತರ ಟೈರ್ ಅಂಗಡಿಯಿದೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂಬ 2024ರ ತಿದ್ದುಪಡಿಯಿಂದಾಗಿ ಹೊರಗಿನ ಫಲಕ ಹೇಗೂ ಬದಲಾಗಬೇಕಿತ್ತು. ಹಾಗಿದ್ದರೆ ಒಳಗೋಡೆಯ ವಿವರಣೆಯ ಹಲಗೆಯೂ ಕನ್ನಡದಲ್ಲೇ ಇರಲಿ ಎಂದು ಹಟ ಹಿಡಿದು ಒಪ್ಪಿಸಿದವನು ನಾನು. ಎರಡು ಪದಗಳ ಹತ್ತಿರ ಬಂದು ನಿಂತಿದ್ದೇನೆ: ಟೈರಿನ ಪಕ್ಕದ ಎತ್ತರ ಅಗಲದ ಎಷ್ಟು ಭಾಗ ಎಂದು ಹೇಳುವ ಆಸ್ಪೆಕ್ಟ್ ರೇಶಿಯೋ, ಮತ್ತು ರಿಮ್ಮು ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂದು ಹೇಳುವ ಆಫ್‌ಸೆಟ್.

ಹಲಗೆ ಏಕೆ ಬೇಕೆಂದರೆ, ವೇಗದ ಕಾರು ಇಟ್ಟುಕೊಂಡವರೊಬ್ಬರು 225/45 ಆರ್ 17 ಟೈರಿದ್ದ ಕಡೆ 225/40 ಆರ್ 17 ಹಾಕಿಸಿಕೊಂಡು ಬಂದಿದ್ದರು. 45 ಎಂದರೆ 45 ಮಿಲಿಮೀಟರ್, ಐದು ಕಡಿಮೆಯಾದರೆ ನಷ್ಟವೇನು ಎಂದು ತಿಳಿದಿದ್ದರು. ಅದು ಮಿಲಿಮೀಟರ್ ಅಲ್ಲ, ಟೈರಿನ ಅಗಲದ ನೂರರಲ್ಲಿ 45 ಭಾಗ. 225 ಮಿಲಿಮೀಟರ್ ಅಗಲಕ್ಕೆ ಲೆಕ್ಕ ಹಾಕಿದರೆ ಪಕ್ಕದ ಎತ್ತರ 101 ಮಿಲಿಮೀಟರ್. 40 ಆದರೆ 90. ಮೇಲೆ ಕೆಳಗೆ ಎರಡೂ ಕಡೆ ಕಡಿಮೆಯಾಗಿ ಇಡೀ ಗಾಲಿಯ ವ್ಯಾಸ 634ರಿಂದ 612ಕ್ಕೆ ಇಳಿಯಿತು. ಕಾರು 11 ಮಿಲಿಮೀಟರ್ ತಗ್ಗಿತು, ವೇಗದ ಮುಳ್ಳು ನಿಜಕ್ಕಿಂತ ಹೆಚ್ಚು ತೋರಿಸತೊಡಗಿತು, ಶಿರಾಡಿ ಘಾಟಿಯ ಒಂದು ಗುಂಡಿಯಲ್ಲಿ ರಿಮ್ ಬಾಗಿತು. ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಆ 45 ಏನೆಂದು ಕನ್ನಡದಲ್ಲಿ ಹೇಳಿದವರು ಯಾರೂ ಇರಲಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ: ತಲೆಬರಹದಲ್ಲಿ ಚಕ್ರ ಎನ್ನಬೇಕೋ, ಗಾಲಿ ಎನ್ನಬೇಕೋ?

ಮೈಸೂರಿನಿಂದ, ಮಂಗಳವಾರ ಬೆಳಿಗ್ಗೆ

ಟೈರ್, ರಿಮ್, ಆಫ್‌ಸೆಟ್ ಎಂದೇ ಬರೆಸಿ. ಅಂಗಡಿಗೆ ಬರುವವರ ಬಾಯಲ್ಲಿರುವುದೇ ಪದ. ಉಳಿದದ್ದು ವ್ಯರ್ಥ ಶ್ರಮ.

ಚಿಕ್ಕಮಗಳೂರಿನಿಂದ, ಮಂಗಳವಾರ ಮಧ್ಯಾಹ್ನ

ವ್ಯರ್ಥವಲ್ಲ. ಕನ್ನಡ ಓದುವವರಿಗೆ ಆಫ್‌ಸೆಟ್ ಎಂದರೆ ಮುದ್ರಣಾಲಯ. ಲಗ್ನಪತ್ರಿಕೆ ಅಚ್ಚು ಹಾಕಿಸುವ ಕಡೆಯ ಪದವನ್ನು ಗಾಲಿಯ ಪಕ್ಕದಲ್ಲಿ ಬರೆದರೆ ಏನು ತಿಳಿಯುತ್ತದೆ? ಬಾಯಲ್ಲಿರುವುದಕ್ಕೂ ಅರ್ಥವಾಗಿರುವುದಕ್ಕೂ ವ್ಯತ್ಯಾಸವಿದೆ. 45 ಎನ್ನುವುದೂ ಆ ಗಿರಾಕಿಯ ಬಾಯಲ್ಲಿತ್ತು.

ಟೈರಿಗೆ ನಮ್ಮಲ್ಲಿ ಪದವಿದೆ: ಹಳಿ. ಸಖರಾಯಪಟ್ಟಣದ ಕಡೆ ನಮ್ಮ ಅಜ್ಜನ ಮನೆಯ ಎದುರಿಗೇ ಕುಲುಮೆಯಿತ್ತು. ಕಬ್ಬಿಣದ ಬಳೆಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಬ್ಬರು ಮೂವರು ಇಕ್ಕಳದಲ್ಲಿ ಎತ್ತಿ ಮರದ ಗಾಲಿಯ ಮೇಲೆ ಇಳಿಸಿ, ಕೂಡಲೇ ನೀರು ಹೊಯ್ಯುತ್ತಿದ್ದರು. ಕಾದು ಹಿಗ್ಗಿದ್ದ ಬಳೆ ತಣಿದು ಕುಗ್ಗಿ, ಮರದ ಕೀಲುಗಳನ್ನೆಲ್ಲ ಅಪ್ಪಿ ಬಿಗಿಯುತ್ತಿತ್ತು. ಅದಕ್ಕೆ ಹಳಿ ಕಟ್ಟುವುದು ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಟೈರ್ ಎಂಬ ಹೆಸರಿದ್ದದ್ದೂ ಮೊದಲು ಇಂಥ ಕಬ್ಬಿಣದ ಹೊದಿಕೆಗೇ. ಅಟೈರ್ ಎಂದರೆ ಉಡುಪು, ಗಾಲಿಗೆ ತೊಡಿಸಿದ ಉಡುಪೇ ಟೈರ್. 1888ರಲ್ಲಿ ಡನ್‌ಲಪ್ ಎಂಬವರು ಗಾಳಿ ತುಂಬಿದ ರಬ್ಬರ್ ಬಳೆ ಮಾಡಿದಾಗ ಇಂಗ್ಲಿಷಿನವರು ಹೊಸ ಪದ ಹುಡುಕಲಿಲ್ಲ, ಕಬ್ಬಿಣದ ಹೆಸರನ್ನೇ ರಬ್ಬರಿಗೂ ಕೊಟ್ಟರು. ಅವರ ಪದ ಕಬ್ಬಿಣದಿಂದ ರಬ್ಬರಿಗೆ ದಾಟಬಹುದಾದರೆ ನಮ್ಮದು ಏಕೆ ದಾಟಬಾರದು? ಗಾಲಿಯ ನಡುವಿನ ಗುಂಬ ಇದೆ, ಅದು ತಿರುಗುವ ಅಚ್ಚು ಇದೆ, ಗಾಲಿ ಕಳಚದಂತೆ ತಡೆಯುವ ಕಡಾಣಿ ಇದೆ. ಎಲ್ಲವನ್ನೂ ಅಟ್ಟಕ್ಕೆ ಹಾಕಿ ಹಬ್ಬು, ಆಕ್ಸಲ್ಲು ಎಂದು ಕಲಿಯುತ್ತಿದ್ದೇವೆ.

ಕೇಳಿದ್ದಕ್ಕೆ ಉತ್ತರ: 45 ಎನ್ನುವುದು ಪಕ್ಕೆಪಾಲು. ಟೈರಿಗೆ ಪಕ್ಕೆಯಿದೆ. ಗುಂಡಿಗೆ ಬಿದ್ದು ಒಳಗಿನ ಎಳೆ ಕಡಿದರೆ ‘ಪಕ್ಕೆ ಊದಿದೆ’ ಎನ್ನುತ್ತೇವೆ. ಆಫ್‌ಸೆಟ್‌ಗೆ ಹೊರಚಾಚು. ತಲೆಬರಹಕ್ಕೆ ಗಾಲಿ. ಬೇಲೂರಿನ ತೇರು ಎಳೆಯುವಾಗ ಗಾಲಿಯ ಹತ್ತಿರ ನಿಲ್ಲಬೇಡ ಎಂದು ಮಕ್ಕಳನ್ನು ಎಚ್ಚರಿಸುತ್ತೇವೆ, ಚಕ್ರದ ಹತ್ತಿರ ಎನ್ನುವುದಿಲ್ಲ.

ಮೈಸೂರಿನಿಂದ, ಮಂಗಳವಾರ ಮಧ್ಯಾಹ್ನ

ಹಳಿ ಎಂದರೆ ಇವತ್ತು ರೈಲು. ‘ಹಳಿ ತಪ್ಪಿತು’ ಎಂದು ಪತ್ರಿಕೆ ಬರೆದರೆ ಯಾರೂ ಟೈರ್ ಎಂದು ಓದುವುದಿಲ್ಲ. ಕುಲುಮೆ ಹೋಯಿತು, ಆ ಅರ್ಥವೂ ಹೋಯಿತು.

ಅರಸೀಕೆರೆಯಿಂದ, ಮಂಗಳವಾರ ಸಂಜೆ

ಇಬ್ಬರೂ ಬೇಡದ ದಾರಿ ಹಿಡಿದಿದ್ದೀರಿ. ಗಾಲಿಯ ಅಂಗಾಂಗಗಳಿಗೆ ಶಾಸ್ತ್ರಶುದ್ಧವಾದ ಪದಗಳು ಸಿದ್ಧವಾಗಿವೆ: ಹೊರಸುತ್ತು ನೇಮಿ, ನಡುವಿನದು ನಾಭಿ, ಎರಡರ ನಡುವಿನ ಕಡ್ಡಿ ಅರ. ನಾಭಿ ಎಂದಾಕ್ಷಣ ಹೊಕ್ಕಳೆಂದು ಎಲ್ಲರಿಗೂ ಹೊಳೆಯುತ್ತದೆ. 45ಕ್ಕೆ ಪಾರ್ಶ್ವಾನುಪಾತ ಎನ್ನಿ. ಪಾರಿಭಾಷಿಕ ಪದಕ್ಕೆ ಗಾಂಭೀರ್ಯ ಬೇಕು. ಪಕ್ಕೆಪಾಲು ಎನ್ನುವುದು ಕಿವಿಗೆ ಒರಟು, ಅಲ್ಲದೆ ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಅರಿಸಮಾಸವಾಗುತ್ತದೆ.

ಚಿಕ್ಕಮಗಳೂರಿನಿಂದ, ಮಂಗಳವಾರ ಸಂಜೆ

ಆಗುವುದಿಲ್ಲ. ಪಕ್ಕ, ಪಕ್ಕೆ ಎರಡೂ ಪಕ್ಷದ ತದ್ಭವ. ತದ್ಭವಕ್ಕೆ ಅಚ್ಚಗನ್ನಡ ಸೇರಿದರೆ ಅರಿಸಮಾಸದ ದೋಷವಿಲ್ಲ. ‘ಗಾಲಿಗಾತ್ರ’ ಎಂದಿದ್ದರೆ ನಿಮ್ಮ ಆಕ್ಷೇಪ ನಿಲ್ಲುತ್ತಿತ್ತು. ಅದಕ್ಕೇ ಗಾಲಿಯಳತೆ ಎನ್ನುತ್ತೇನೆ. ಪಾರ್ಶ್ವಾನುಪಾತವನ್ನು ಓದಿದ ಗಿರಾಕಿಗೆ ಅದು ಮಿಲಿಮೀಟರೋ ಶೇಕಡವೋ ಎಂಬ ಸಂಶಯ ಹಾಗೆಯೇ ಉಳಿಯುತ್ತದೆ. ಪಾಲು ಎಂದಾಗ ಯಾವುದರಲ್ಲಿ ಪಾಲು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ, ಅಗಲದಲ್ಲಿ ಎಂಬ ಉತ್ತರ ಕೆಳಗಿನ ಸಾಲಿನಲ್ಲಿರುತ್ತದೆ.

ಮೂಡಿಗೆರೆಯಿಂದ, ಮಂಗಳವಾರ ರಾತ್ರಿ

ವ್ಯಾಕರಣದ ಮಾತು ನಿಮಗೆ ಬಿಟ್ಟದ್ದು. ‘ಹೊರಚಾಚು’ ಮಾತ್ರ ದಯವಿಟ್ಟು ಬರೆಸಬೇಡಿ. ಅದು ತಲೆಕೆಳಗು ಪದ, ಅದನ್ನು ನಂಬಿ ರಿಮ್ ಕೊಂಡವರಿಗೆ ಹಣ ಹೋಗುತ್ತದೆ.

ಚಿಕ್ಕಮಗಳೂರಿನ ತೋಟದ ಮಣ್ಣುದಾರಿಗಳಲ್ಲಿ ಓಡುವ ರ್‍ಯಾಲಿ ಕಾರುಗಳ ಗಾಲಿಗಳನ್ನು ವರ್ಷಗಟ್ಟಲೆ ಬಿಚ್ಚಿ ಜೋಡಿಸಿದ್ದೇನೆ. ರಿಮ್ಮನ್ನು ನೆಲದ ಮೇಲೆ ನಿಲ್ಲಿಸಿ ಅದರ ಅಗಲದ ಸರಿಯಾದ ನಡುವಿಗೆ ಒಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ. ಬೋಲ್ಟು ಬಿಗಿಯುವಾಗ ಗುಂಬಕ್ಕೆ ಒರಗುವ ಚಪ್ಪಟೆ ಮುಖ ಆ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ದೂರದಲ್ಲಿದೆಯೋ ಅದೇ ಆಫ್‌ಸೆಟ್. ಆ ಮುಖ ಗಾಲಿಯ ಹೊರಮಗ್ಗುಲಿನ ಕಡೆಗೆ ಸರಿದಷ್ಟೂ ಸಂಖ್ಯೆ ಏರುತ್ತದೆ. ಮುಖವನ್ನು ಗುಂಬ ಹಿಡಿದುಕೊಂಡಿರುವುದರಿಂದ ಉಳಿದ ಗಾಲಿಯೆಲ್ಲ ಕಾರಿನ ಒಳಕ್ಕೆ ಹೋಗುತ್ತದೆ. ಆದ್ದರಿಂದ 45 ಇದ್ದ ಕಡೆ ಅದೇ ಅಗಲದ 35ರ ರಿಮ್ ಹಾಕಿದರೆ ಗಾಲಿ 10 ಮಿಲಿಮೀಟರ್ ಹೊರಗೆ ಬರುತ್ತದೆ, ತಿರುವಿನಲ್ಲಿ ಮಡ್‌ಗಾರ್ಡಿಗೆ ಉಜ್ಜುತ್ತದೆ. ಸಂಖ್ಯೆ ಇಳಿದರೆ ಗಾಲಿ ಹೊರಗೆ, ಏರಿದರೆ ಒಳಗೆ. ‘ಹೊರಚಾಚು 45’ ಎಂದು ಓದಿದವನು ಇದನ್ನು ಉಲ್ಟಾ ತಿಳಿಯುತ್ತಾನೆ.

ರಿಮ್ಮಿನ ಒಳಗೆ ‘ಇ.ಟಿ. 45’ ಎಂದು ಒತ್ತಿರುತ್ತಾರೆ. ಅದು ಜರ್ಮನ್ ಪದದ ಗುರುತು: ಐನ್‌ಪ್ರೆಸ್‌ಟೀಫೆ, ಒಳಕ್ಕೆ ಒತ್ತಿದ ಆಳ. ಜರ್ಮನರ ಪದದಲ್ಲೇ ‘ಒಳಕ್ಕೆ’ ಎಂಬುದಿದೆ. ಇಂಗ್ಲಿಷ್ ಪದದಲ್ಲಿ ದಿಕ್ಕೇ ಇಲ್ಲ, ನಮ್ಮವರ ಗೊಂದಲಕ್ಕೆ ಅದೇ ಕಾರಣ. ‘ಒಳಸರಿತ’ ಎನ್ನಿ. ಒಳಸರಿತ 45 ಎಂದರೆ ಹೆಚ್ಚು ಒಳಗೆ, 35 ಎಂದರೆ ಕಡಿಮೆ ಒಳಗೆ. ಪದವೇ ದಾರಿ ತೋರಿಸುತ್ತದೆ.

ಹಲಗೆಯಲ್ಲಿ ಜಾಗವಿದ್ದರೆ ಇನ್ನೆರಡು ಮಾತು ಸೇರಿಸಿ. 17ರಿಂದ 18 ಇಂಚಿನ ರಿಮ್ಮಿಗೆ ಹೋಗುವವರು ಟೈರನ್ನು 225/40 ಮಾಡಿಕೊಂಡರೆ ಹೊರವ್ಯಾಸ 637 ಮಿಲಿಮೀಟರ್, ಮೊದಲಿನದಕ್ಕೆ ಹೆಚ್ಚುಕಡಿಮೆ ಸಮ. ಅದೇ 40ರ ಪಾಲು ಒಂದು ರಿಮ್ಮಿಗೆ ಸರಿ, ಇನ್ನೊಂದಕ್ಕೆ ತಪ್ಪು. ಆ ಗಿರಾಕಿ ಎಡವಿದ್ದು ಅಲ್ಲಿಯೇ. 19ಕ್ಕೆ 235/35 ಹಾಕಿದರೆ ಪಕ್ಕೆ 82 ಮಿಲಿಮೀಟರಿಗೆ ಇಳಿಯುತ್ತದೆ. ಮಳೆಗಾಲದ ಚಾರ್ಮಾಡಿಯಲ್ಲಿ ಅಷ್ಟು ತೆಳು ಪಕ್ಕೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ಎರಡನೆಯದು ಟೈರಿನ ಅಳತೆಯ ಕೊನೆಯಲ್ಲಿ ಬರೆದಿರುವ ‘91 ಡಬ್ಲ್ಯೂ’. 91 ಎಂದರೆ 91 ಕಿಲೋ ಅಲ್ಲ, ಒಂದು ಟೈರು ಹೊರಬಲ್ಲ 615 ಕಿಲೋ ಭಾರದ ಸಂಕೇತ. ಡಬ್ಲ್ಯೂ ಎಂದರೆ ಟೈರು ತಾಳಬಲ್ಲ ಗರಿಷ್ಠ ವೇಗ, ಗಂಟೆಗೆ 270 ಕಿಲೋಮೀಟರ್. ಹೊಸ ಟೈರಿನಲ್ಲಿ ಇವೆರಡೂ ಹಳೆಯದಕ್ಕಿಂತ ಕಡಿಮೆಯಿರಬಾರದು.

ಮೈಸೂರಿನಿಂದ, ಮಂಗಳವಾರ ರಾತ್ರಿ

ಒಳಸರಿತ ಒಪ್ಪಿದೆ. ಆದರೆ ಒಂದನ್ನು ಒಪ್ಪಿದರೆ ಇವರು ನಾಳೆ ಬೋಲ್ಟಿಗೂ ಪದ ಕಟ್ಟುತ್ತಾರೆ. ನಟ್ಟು, ಬೋಲ್ಟು, ರಿಮ್ಮು, ಟೈರು: ಕೊನೆಗೆ ಉಕಾರ ಹಚ್ಚಿಕೊಂಡು, ಟೈರಿನ, ರಿಮ್ಮಿಗೆ ಎಂದು ನಮ್ಮ ವಿಭಕ್ತಿ ತೊಟ್ಟುಕೊಂಡ ಮೇಲೆ ಇವು ಕನ್ನಡವೇ. ಕುರ್ಚಿ, ಮೇಜುಗಳನ್ನು ಯಾರಾದರೂ ಮನೆಯಿಂದ ಹೊರಗೆ ಹಾಕಿದ್ದಾರೆಯೇ?

ಚಿಕ್ಕಮಗಳೂರಿನಿಂದ, ಬುಧವಾರ ಬೆಳಿಗ್ಗೆ

ಹೊರಚಾಚು ನನ್ನ ತಪ್ಪು, ಹಿಂತೆಗೆದುಕೊಂಡಿದ್ದೇನೆ. ಮೂಡಿಗೆರೆಯವರಿಗೆ ವಂದನೆ. ವಸ್ತುವನ್ನು ಕೈಯಲ್ಲಿ ಹಿಡಿಯದೆ ಪದ ಕಟ್ಟಲು ಹೊರಟಿದ್ದೆ.

ಎರವಲಿನ ವಿಷಯದಲ್ಲಿ ಮಾತ್ರ ಮೈಸೂರಿನವರಿಗೆ ಮಣಿಯುವುದಿಲ್ಲ. ಬೋಲ್ಟು ಬೇಡವೆಂದು ನಾನೆಲ್ಲಿ ಹೇಳಿದೆ? ಇಲ್ಲದ್ದನ್ನು ತರುವುದು ಎರವಲು. ಇರುವುದನ್ನು ಮರೆತು ತರುವುದು ಬೇರೆಯೇ ಸಂಗತಿ. ಅರಸೀಕೆರೆಯವರಿಗೂ ಒಂದು ಮಾತು: ವೀಲ್ ಅನ್ಯ, ಚಕ್ರ ನಮ್ಮದು ಎನ್ನುವ ಭಾವ ನಿಮ್ಮ ಪತ್ರದಲ್ಲಿದೆ. ಸಂಸ್ಕೃತದ ಚಕ್ರ, ಗ್ರೀಕಿನಿಂದ ಬಂದ ಸೈಕಲ್, ಇಂಗ್ಲಿಷಿನ ವೀಲ್ ಮೂರೂ ಒಂದೇ ಇಂಡೋ-ಯುರೋಪಿಯನ್ ಬೇರಿನವು. ಗಾಲಿಯ ನಂಟು ಇತ್ತ ದ್ರಾವಿಡ ಭಾಷೆಗಳ ಕಡೆಗಿದೆ. ಹಳೆಯ ತಮಿಳಿನಲ್ಲಿ ಕಾಲ್ ಎಂಬುದಕ್ಕೆ ಚಕ್ರವೆಂಬ ಅರ್ಥವುಂಟು. ಗಾಲಿ ಬಿಟ್ಟು ಚಕ್ರ ಹಿಡಿದವರು ವೀಲ್ ಎಂಬುದನ್ನು ಬಯ್ಯುವ ಹಕ್ಕು ಕಳೆದುಕೊಳ್ಳುತ್ತಾರೆ.

ಅರಸೀಕೆರೆಯಿಂದ, ಬುಧವಾರ ಬೆಳಿಗ್ಗೆ

ಸಾವಿರ ವರ್ಷ ಕನ್ನಡದ ಕಾವ್ಯದಲ್ಲಿ, ಶಾಸನದಲ್ಲಿ ಬಾಳಿದ ಪದವನ್ನು ಬೇರಿನ ಲೆಕ್ಕದಲ್ಲಿ ಹೊರಗಿನದೆನ್ನುವುದು ವಿದ್ವತ್ತಲ್ಲ. ನನ್ನ ಮಾತು ಮುಗಿಯಿತು.

ಹಾಸನದಿಂದ, ಬುಧವಾರ ಮಧ್ಯಾಹ್ನ

ಎಲ್ಲರಿಗೂ ಕೃತಜ್ಞತೆಗಳು. ಹಳಿಯನ್ನು ಬರೆಸುತ್ತಿಲ್ಲ. ಆ ಕುಲುಮೆಯ ಚಿತ್ರ ಮನಸ್ಸಿನಿಂದ ಹೋಗುತ್ತಿಲ್ಲವಾದರೂ, ಅಂಗಡಿಯ ಮುಂದೆ ನಿಂತ ಲಾರಿ ಚಾಲಕರಿಗೆ ಟೈರು ಎಂದರೇ ತಿಳಿಯುವುದು. ಉಳಿದ ಎರಡು ಪದಗಳನ್ನು ಅಂಗಡಿಯ ಹುಡುಗರ ಮುಂದೆ ಓದಿದೆ. ಪಕ್ಕೆಪಾಲು ಎಂದಾಗ ಒಬ್ಬ ಟೈರಿನ ಪಕ್ಕೆಯ ಮೇಲೆ ಕೈ ಇಟ್ಟು ತೋರಿಸಿದ. ಒಳಸರಿತಕ್ಕೆ ಒಮ್ಮೆ ವಿವರಿಸಬೇಕಾಯಿತು, ಎರಡನೆಯ ಸಲ ಬೇಕಾಗಲಿಲ್ಲ.

ಫಲಕ ಬರೆಯುವವರು ಕಳುಹಿಸಿದ ಮಾದರಿಯಲ್ಲಿ ತಲೆಬರಹ ‘ಟೈರು ಮತ್ತು ಗಾಳಿ’ ಎಂದಾಗಿತ್ತು. ಲಕಾರ ಳಕಾರವಾದರೆ ಗಾಳಿ ತುಂಬುವ ಅಂಗಡಿಯಾಗುತ್ತದೆ. ಅದನ್ನು ತಿದ್ದಿದ್ದೇನೆ. ಒಳಹಲಗೆಯ ಒಕ್ಕಣೆ ಹೀಗಿದೆ:

‘225 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 45 ಎಂದರೆ ಪಕ್ಕೆಪಾಲು: ಪಕ್ಕೆಯ ಎತ್ತರ ಅಗಲದ ನೂರರಲ್ಲಿ 45 ಪಾಲು. 17 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ರಿಮ್ಮಿನ ಮೇಲಿನ ಇ.ಟಿ. ಎಂದರೆ ಒಳಸರಿತ: ಸಂಖ್ಯೆ ಇಳಿದರೆ ಗಾಲಿ ಹೊರಗೆ ಬರುತ್ತದೆ. ರಿಮ್ ದೊಡ್ಡದು ಮಾಡುವ ಮುನ್ನ ಹೊರವ್ಯಾಸದ ಲೆಕ್ಕ ಕೇಳಿ. ಭಾರದ ಸಂಖ್ಯೆ, ವೇಗದ ಅಕ್ಷರ ಹಳೆಯ ಟೈರಿಗಿಂತ ಕಡಿಮೆ ಬೇಡ.’

ಕಾಗುಣಿತದಲ್ಲಿ ತಪ್ಪು ಕಂಡರೆ ಐದು ಗಂಟೆಯೊಳಗೆ ತಿಳಿಸಿ. ಆಮೇಲೆ ಬಣ್ಣ ಒಣಗಿರುತ್ತದೆ.