ಅಡಿಕೆ ಸಿಪ್ಪೆಯಲ್ಲಿ ಲಿಗ್ನಿನ್ ಜಾಸ್ತಿ, ಗ್ಲೂಕೋಸ್ ಕಮ್ಮಿ: ತಪ್ಪು ಎಲ್ಲಿ?

ಬದಿಯಡ್ಕ_ಬಯೋಮಾಸ್:
ಅಡಿಕೆ ಸಿಪ್ಪೆಯಲ್ಲಿ ಲಿಗ್ನಿನ್ (ನಾರನ್ನು ಗಟ್ಟಿ ಮಾಡುವ ಅಂಶ) ಎಷ್ಟು, ಸೆಲ್ಯುಲೋಸ್ ಒಡೆದು ಬರುವ ಗ್ಲೂಕೋಸ್ ಎಷ್ಟು ಅಂತ ಆಸಿಡ್‌ನಲ್ಲಿ ಕರಗಿಸಿ ಅಳೆಯುತ್ತಿದ್ದೇನೆ. ಸ್ಯಾಂಪಲ್ ಒಣ ಸಿಪ್ಪೆ, ಮಿಕ್ಸಿಯಲ್ಲಿ ಪುಡಿ ಮಾಡಿದ್ದು. 300 ಮಿ.ಗ್ರಾಂಗೆ 72% ಸಲ್ಫ್ಯೂರಿಕ್ ಆಸಿಡ್ 3 ಮಿ.ಲೀ., 30 ಡಿಗ್ರಿಯಲ್ಲಿ ಒಂದು ಗಂಟೆ. ಆಮೇಲೆ 84 ಮಿ.ಲೀ. ನೀರು, 121 ಡಿಗ್ರಿಯಲ್ಲಿ ಒಂದು ಗಂಟೆ ಆಟೋಕ್ಲೇವ್ (ಒತ್ತಡದ ಹಬೆಯ ಪಾತ್ರೆ). ಕರಗದ ಲಿಗ್ನಿನ್ ಒಂದು ಟ್ಯೂಬಿನಲ್ಲಿ 34%, ಅದೇ ಪುಡಿಯ ಜೋಡಿ ಟ್ಯೂಬಿನಲ್ಲಿ 41%. ಲಿಗ್ನಿನ್ ಏರಿದ ಟ್ಯೂಬಿನಲ್ಲಿ ಗ್ಲೂಕೋಸ್ ಇಳಿದಿದೆ. ಸಾಕ್ಸ್‌ಲೆಟ್ (ಬಿಸಿ ದ್ರಾವಕ ಮತ್ತೆ ಮತ್ತೆ ಹರಿಸಿ ಕರಗುವ ಅಂಶ ಮೊದಲೇ ತೆಗೆಯುವುದು) ಮಾಡಿಲ್ಲ. ಆಟೋಕ್ಲೇವ್ ಸಮಯ ಜಾಸ್ತಿ ಮಾಡಲೇ?

ಕುಂಬಳೆ_ಕೆಮಿ:
ಬೇಡ ಮಾರಾಯ್ರೆ, ಇದ್ದ ಸಕ್ಕರೆಯೂ ಕೆಡುತ್ತದೆ. ಜೋಡಿಯಲ್ಲಿ ಇಷ್ಟು ವ್ಯತ್ಯಾಸ ಬಂದರೆ ನನ್ನ ಅನುಮಾನ 72% ಆಸಿಡ್‌ನ ಮೊದಲ ಹಂತದ ಮೇಲೆ. ಕ್ರೂಸಿಬಲ್‌ನಲ್ಲಿ (ಸೋಸುವ ಬಟ್ಟಲು) ಉಳಿದದ್ದನ್ನು ಲೆನ್ಸ್ ಹಿಡಿದು ನೋಡಿ. ತಿಳಿ ಬಣ್ಣದ ನಾರು ಕಂಡರೆ ಅದು ಕರಗದ ಸೆಲ್ಯುಲೋಸ್, ನೀವು ಅದನ್ನೇ ಲಿಗ್ನಿನ್ ಅಂತ ತೂಗಿದ್ದೀರಿ.

ಸಿಪ್ಪೆಯ ನಾರು ಮಿಕ್ಸಿಯಲ್ಲಿ ಹತ್ತಿಯ ಹಾಗೆ ಉಂಡೆ ಕಟ್ಟುತ್ತದೆ, ಒಳಗೆ ಆಸಿಡ್ ಹೋಗುವುದಿಲ್ಲ. ಜರಡಿ ಹಿಡಿದು 0.18ರಿಂದ 0.85 ಮಿ.ಮೀ. ಭಾಗ ತೆಗೆದುಕೊಳ್ಳಿ. ಅದಕ್ಕಿಂತ ನುಣ್ಣಗಾದರೆ ಸಕ್ಕರೆ ಕೆಡುತ್ತದೆ, ದಪ್ಪಗಾದರೆ ಪೂರ್ತಿ ಕರಗುವುದಿಲ್ಲ. ಆ ಮೊದಲ ಹಂತದಲ್ಲಿ ಗಾಜಿನ ಕಡ್ಡಿಯಿಂದ 5-10 ನಿಮಿಷಕ್ಕೊಮ್ಮೆ ಕಲಕಿ, ಟ್ಯೂಬಿನ ಗೋಡೆಗೆ ಹತ್ತಿದ್ದನ್ನೂ ಕೆಳಗೆ ತಳ್ಳಿ.

ಮಳೆಗಾಲದಲ್ಲಿ ನಮ್ಮ ಕಡೆ ಪುಡಿ ತೇವ ಎಳೆದುಕೊಳ್ಳುತ್ತದೆ. ತೇವ 10% ದಾಟಿದರೆ ಆಸಿಡ್ ತೆಳುವಾಗುತ್ತದೆ. 45 ಡಿಗ್ರಿಯಲ್ಲಿ ಒಣಗಿಸಿ. 105 ಡಿಗ್ರಿ ಏನಿದ್ದರೂ ಬೇರೆ ತೆಗೆದಿಟ್ಟ ಚಿಟಿಕೆ ಪುಡಿಯ ತೇವ ಅಳೆಯಲು ಮಾತ್ರ, ಅದೂ ಸ್ಯಾಂಪಲ್ ತೂಗುವ ದಿನವೇ.

ಸಾಕ್ಸ್‌ಲೆಟ್ ಬಿಟ್ಟದ್ದು ಇನ್ನೊಂದು ಎಡವಟ್ಟು. ಸಿಪ್ಪೆಯ ಪಾಲಿಫೀನಾಲ್ ಆಸಿಡ್‌ನಲ್ಲಿ ಗಟ್ಟಿಯಾಗಿ ಲಿಗ್ನಿನ್ ಲೆಕ್ಕಕ್ಕೆ ಸೇರುತ್ತದೆ. ಮೊದಲು ನೀರು, ಆಮೇಲೆ ಎಥನಾಲ್.

ಸೊಲ್ಲಾಪುರ_ದಂಟು:
ಬೂದಿ ಕಳೆದೀರೇನ್ರಿ? ಕ್ರೂಸಿಬಲ್ 105ರಾಗ ಒಣಗಿಸಿ ತೂಗಿದ ಮ್ಯಾಲೆ 575 ಡಿಗ್ರಿ ಫರ್ನೇಸ್‌ನಾಗ ಸುಟ್ಟು ಮತ್ತ ತೂಗ್ರಿ. ಜೋಳದ ದಂಟಿನಾಗ ಸಿಲಿಕಾ ಭಾಳ, ಬಿಟ್ರ ಲಿಗ್ನಿನ್ ಸುಳ್ಳೇ ಏರತದ. ಸಕ್ಕರೆ ನಾರಿನಾಗ ಇದ್ದಾಗಿನ ತೂಕ ಬೇಕಂದ್ರ ಗ್ಲೂಕೋಸ್ ಅಂಕಿ 0.90ರಿಂದ, ಕ್ಸೈಲೋಸ್ (ನಾರಿನ ಇನ್ನೊಂದು ಸಕ್ಕರೆ) 0.88ರಿಂದ ಗುಣಿಸ್ರಿ.

ಗೊತ್ತಿದ್ದಷ್ಟು ಗ್ಲೂಕೋಸ್, ಕ್ಸೈಲೋಸ್ ತೂಗಿ 4% ಆಸಿಡ್‌ನಾಗ ಕರಗಿಸಿ ಅದೇ ಆಟೋಕ್ಲೇವ್‌ನಾಗ ಇಡ್ರಿ. ಎಷ್ಟು ಕೆಟ್ಟದ ಅಂತ ಅದೇ ಹೇಳತದ. ಟ್ಯೂಬು ಒಳಗ ಇಡೂ ಮುಂದ, ತೆಗೆದ ಮ್ಯಾಲೆ ತೂಗ್ರಿ: ಮುಚ್ಚಳ ಸೋರಿದ್ರ ತೂಕ ಇಳಿದಿರತದ, ಆ ಟ್ಯೂಬು ಬಿಟ್ಟುಬಿಡ್ರಿ.

ಬದಿಯಡ್ಕ_ಬಯೋಮಾಸ್:
ಉಳಿದದ್ದರಲ್ಲಿ ತಿಳಿ ನಾರು ಉಂಟು. ನೀರಿನ ಸಾಕ್ಸ್‌ಲೆಟ್ ಎಷ್ಟು ಹೊತ್ತು?

ಕುಂಬಳೆ_ಕೆಮಿ:
ಕಡಿಮೆಯೆಂದರೆ 6 ಗಂಟೆ. ಥಿಂಬಲ್ (ಪುಡಿ ತುಂಬುವ ಸೋಸು ಕೊಳವೆ) ಸುತ್ತ ಇಳಿಯುವ ನೀರಿನ ಬಣ್ಣ ಹೋಗದಿದ್ದರೆ ಇನ್ನೂ ಬಿಡಿ. ಎಥನಾಲ್ 16 ಗಂಟೆಯಾದರೂ ಬೇಕು.