ಮೊಣಕಾಲು ಸವೆದವರಿಗೆ ಯಾವ ರಿಕಾಪು (ಜೀನಿನಿಂದ ತೂಗುವ, ಸವಾರರು ಪಾದವಿಡುವ ಬಳೆ) ಹಿತ?

ಬೂದುಕುದುರೆ (ಬೆಂಗಳೂರು):

ನನಗೆ 57 ವರ್ಷ. ಎಂಟು ವರ್ಷಗಳಿಂದ ವಾರಕ್ಕೆ ಮೂರು ದಿನ, ಬೆಳಿಗ್ಗೆ ಆರೂವರೆಗೆ, ಊರ ಹೊರಗಿನ ಒಂದು ಲಾಯಕ್ಕೆ ಹೋಗಿ ಸವಾರಿ ಮಾಡುತ್ತೇನೆ. ನನ್ನ ಪಾಲಿಗೆ ಬಂದಿರುವುದು ರೇಸಿನಿಂದ ನಿವೃತ್ತಿಯಾದ ಬೂದು ಬಣ್ಣದ ಹೆಣ್ಣು ಕುದುರೆ. ಅವಳಿಗೂ ಹದಿನೆಂಟಾಯಿತು. ನನ್ನ ಕಾರಿನ ಸದ್ದು ಕೇಳಿದರೆ ಅರ್ಧಬಾಗಿಲಿನ ಮೇಲಿಂದ ಕತ್ತು ಚಾಚುತ್ತಾಳೆ.

ಹೋದ ಮಳೆಗಾಲದಿಂದ ನನ್ನ ಬಲ ಮೊಣಕಾಲು ನೋಯುತ್ತಿದೆ. ಎಕ್ಸ್‌ರೇ ನೋಡಿದ ವೈದ್ಯರು ಸವೆತ ಶುರುವಾಗಿದೆ ಎಂದರು. ಸವಾರಿ ಬಿಡಬೇಕಾಗಿಲ್ಲ, ಊದಿಕೊಂಡ ದಿನ ಹತ್ತಬೇಡಿ ಎಂದೂ ಹೇಳಿದರು. ಎಡಗಾಲಿನ ಹರಡು ಹತ್ತು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಉಳುಕಿದ್ದು, ಇಂದಿಗೂ ಅದಕ್ಕೆ ಪೂರ್ತಿ ಬಲ ಬಂದಿಲ್ಲ.

ಮೊದಲ ಇಪ್ಪತ್ತು ನಿಮಿಷ ಏನೂ ಆಗುವುದಿಲ್ಲ. ಟ್ರಾಟ್‌ನಲ್ಲಿ (ಕುದುರೆಯ ಕುಲುಕು ಓಟದಲ್ಲಿ) ಎದ್ದು ಕೂರಲು ಆರಂಭಿಸಿದ ಮೇಲೆ ಚಿಪ್ಪಿನ ಹೊರಬದಿಯಲ್ಲಿ ಚುಚ್ಚಲು ತೊಡಗುತ್ತದೆ. ಆಮೇಲೆ ಕಿರುಬೆರಳಿನ ಕಡೆ ಪಾದ ಜೋಮು ಹಿಡಿಯುತ್ತದೆ. ಮೊನ್ನೆ ಇಳಿದವಳು ಹೆಜ್ಜೆ ಇಡಲಾಗದೆ ಜೀನಿನ ಅಂಚು ಹಿಡಿದು ಎರಡು ನಿಮಿಷ ನಿಂತೇ ಇದ್ದೆ. ನಾನು ಕೈಬಿಡುವವರೆಗೂ ಅವಳು ಒಂದು ಕಾಲನ್ನೂ ಎತ್ತಲಿಲ್ಲ.

ಲಾಯದ ರಿಕಾಪು ಹಳೆಯ ಸ್ಟೀಲಿನದು. ಕಳೆದ ತಿಂಗಳು ಯಾರನ್ನೂ ಕೇಳದೆ, ಬದಿಗಳಲ್ಲಿ ರಬ್ಬರು ಮುಚ್ಚಿದ ಮಡಚುವ ಕೀಲಿರುವ ಒಂದು ಜೊತೆ ತರಿಸಿದೆ. ಮೊಣಕಾಲಿಗೆ ತುಸು ಹಿತವೆನಿಸಿತು, ಆದರೆ ಎಡ ಹರಡು ಹೊರಗೆ ವಾಲತೊಡಗಿತು. ಈಗ ಪಾದ ಊರುವ ತಟ್ಟೆ ಅಗಲವಾದವು, ಹಗುರವಾದ ಅಲ್ಯುಮಿನಿಯಂನವು, ಚರ್ಮದ ಪಟ್ಟಿ ತೂರುವ ಮೇಲಿನ ಕಣ್ಣು ಅಡ್ಡಕ್ಕೆ ತಿರುಗಿದವು ಎಂದು ಏನೇನೋ ಕಾಣುತ್ತಿವೆ. ಇನ್ನೊಮ್ಮೆ ದುಡ್ಡು ಕಳೆದುಕೊಳ್ಳುವ ಮೊದಲು ಬಲ್ಲವರು ದಾರಿ ತೋರಿಸಬೇಕು. ಸವಾರಿ ಬಿಡುವ ಮಾತು ನನ್ನ ಕೈಲಾಗದು.

ಹಳೇಸವಾರ (ಮೈಸೂರು):

ತಾಯಿ, ಪೊಲೀಸ್ ಅಶ್ವಾರೋಹಿ ದಳದಲ್ಲಿ ಇಪ್ಪತ್ತಾರು ವರ್ಷ ಇದ್ದವನು ನಾನು. ದಸರೆಯ ದಿನ ಜಂಬೂಸವಾರಿ ಹೊರಡುವ ಮುಂಚೆ ಜೀನಿನ ಮೇಲೆ ಕಾದು ಕೂರುವುದಿದೆಯಲ್ಲ, ಅದು ಓಡಿಸುವುದಕ್ಕಿಂತ ಕಷ್ಟ. ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತು ಮುಗಿಸಿ ಇಳಿದರೆ ನಮ್ಮಲ್ಲಿ ಅರ್ಧ ಜನರಿಗೆ ಮೊಣಕಾಲು ನೆಟ್ಟಗಾಗುತ್ತಿರಲಿಲ್ಲ. ಹಾಗಾಗಿ ಇದು ನಾನು ಮೈಮೇಲೆ ಕಂಡ ವಿಷಯ.

ಹೊಸದನ್ನು ಕೊಳ್ಳುವ ಮೊದಲು ಮೂರು ಕೆಲಸ ಮಾಡಿ. ರಿಕಾಪು ತೂಗುವ ಎರಡೂ ಪಟ್ಟಿಗಳನ್ನು ಜೀನಿನಿಂದ ಬಿಚ್ಚಿ, ಬಕಲಿನ ತೂತುಗಳನ್ನು ಸಮ ಮಾಡಿ, ಒಂದೇ ಮೊಳೆಗೆ ನೇತುಹಾಕಿ ನೋಡಿ. ಎಲ್ಲರೂ ಎಡದಿಂದಲೇ ಹತ್ತುವುದರಿಂದ ಎಡಪಟ್ಟಿ ಹಿಗ್ಗಿರುತ್ತದೆ. ಆಗ ತೂತಿನ ಲೆಕ್ಕ ಎರಡೂ ಕಡೆ ಒಂದೇ ಇದ್ದರೂ ಬಲ ಮೊಣಕಾಲು ಹೆಚ್ಚು ಮಡಚಿಕೊಂಡಿರುತ್ತದೆ. ನಿಮ್ಮ ನೋವು ಬಲಗಾಲಿಗೆ ಎಂದು ಓದಿದ ಕೂಡಲೇ ನನಗೆ ಹೊಳೆದದ್ದು ಇದು. ನಮ್ಮಲ್ಲಿ ಪಟ್ಟಿಗಳನ್ನು ತಿಂಗಳಿಗೊಮ್ಮೆ ಅದಲುಬದಲು ಮಾಡುತ್ತಿದ್ದೆವು.

ಎರಡನೆಯದು ಅಗಲ. ಬೂಟಿನ ಅತಿ ಅಗಲದ ಜಾಗವನ್ನು ಅಳೆದು, ಅದಕ್ಕೆ ಎರಡೂವರೆ ಸೆಂಟಿಮೀಟರ್ ಸೇರಿಸಿ. ರಿಕಾಪಿನ ಒಳ ಅಗಲ ಅಷ್ಟಿರಬೇಕು. ಇಕ್ಕಟ್ಟಾದರೆ ಕಿರುಬೆರಳು ಜೋಮು ಹಿಡಿಯುತ್ತದೆ, ಬಿದ್ದಾಗ ಕಾಲು ಸಿಕ್ಕಿಕೊಳ್ಳುವ ಅಪಾಯವೂ ಇದೆ. ತೀರಾ ಅಗಲವಾದರೆ ಪಾದ ಪೂರ್ತಿ ಒಳಗೆ ನುಗ್ಗುತ್ತದೆ.

ಮೂರನೆಯದು, ನೆಲದಿಂದ ಹತ್ತುವುದನ್ನು ಇವತ್ತೇ ನಿಲ್ಲಿಸಿ. ಮೂರು ಮೆಟ್ಟಿಲಿನ ಕಟ್ಟೆ ಮಾಡಿಸಿಕೊಳ್ಳಿ. ನಿಮ್ಮ ಕಾಲಿಗೂ ಒಳ್ಳೆಯದು, ಹದಿನೆಂಟು ವರ್ಷದ ಆ ಬೆನ್ನಿಗೂ ಒಳ್ಳೆಯದು.

ತೀರಾ ಹಗುರವಾದ ರಿಕಾಪು ನನಗೆ ಹಿಡಿಸುವುದಿಲ್ಲ. ಪಾದ ತಪ್ಪಿದಾಗ ಸ್ಟೀಲಿನದು ನೇರ ತೂಗಿ ನಿಲ್ಲುತ್ತದೆ, ಕಾಲು ಅದನ್ನು ಮತ್ತೆ ಹುಡುಕಿಕೊಳ್ಳುತ್ತದೆ. ಹಗುರವಾದದ್ದು ಕುಣಿಯುತ್ತಿರುತ್ತದೆ.

ಕೀಲುಮೂಳೆ (ಹುಬ್ಬಳ್ಳಿ):

ಮೇಡಂ, ನಾನು ಫಿಸಿಯೋಥೆರಪಿಸ್ಟ್, ವಾರಾಂತ್ಯದಲ್ಲಿ ಸವಾರಿಯನ್ನೂ ಮಾಡುತ್ತೇನೆ. ಹಳೇಸವಾರರು ಹೇಳಿದ್ದಕ್ಕೆ ರಿಕಾಪು ಕಾಲನ್ನು ತಿರುಚುವ ಬಗ್ಗೆ ಮಾತೊಂದನ್ನು ಸೇರಿಸುತ್ತೇನೆ.

ಕುದುರೆ ನಿಂತಿರುವಾಗ ಖಾಲಿ ರಿಕಾಪನ್ನು ನೋಡಿ. ಅದು ಹೊಟ್ಟೆಗೆ ಒತ್ತಿಕೊಂಡು ಚಪ್ಪಟೆಯಾಗಿ ತೂಗುತ್ತದೆ. ಪಾದ ಒಳಗೆ ಹೋಗಬೇಕಾದರೆ ಅದನ್ನು ಕಾಲು ಸುತ್ತಿನಷ್ಟು, ಅಂದರೆ 90 ಡಿಗ್ರಿ, ತಿರುಗಿಸಬೇಕು. ಕೈಯಿಂದ ತಿರುಗಿಸಿ ಬಿಟ್ಟುಬಿಡಿ: ತಟಕ್ಕನೆ ಹಿಂದಕ್ಕೆ ಹೋಗುತ್ತದೆ. ಸವಾರಿಯ ಉದ್ದಕ್ಕೂ ಪಟ್ಟಿ ಹೀಗೆಯೇ ಎಳೆಯುತ್ತಿರುತ್ತದೆ. ಪಾದ ಅಲುಗದಂತೆ ಹಿಡಿದಿರುವ ಶ್ರಮ ಹರಡಿಗೂ ಮೊಣಕಾಲಿಗೂ ಬೀಳುತ್ತದೆ. ಮೊಣಕಾಲು ಮಡಚಲು ಮತ್ತು ನೀಡಲು ಇರುವ ಕೀಲು. ತಿರುಚನ್ನು ಅದು ಬಹಳ ಹೊತ್ತು ಸಹಿಸುವುದಿಲ್ಲ. ಮೇಲಿನ ಕಣ್ಣು ಮೊದಲೇ ಅಡ್ಡಕ್ಕೆ ತಿರುಗಿರುವ ರಿಕಾಪಿನಲ್ಲಿ ಈ ಎಳೆತ ಬಹುಪಾಲು ಇಲ್ಲವಾಗುತ್ತದೆ. ನಿಮ್ಮ ಬಲಗಾಲಿಗೆ ನಾನು ಸೂಚಿಸುವುದು ಅದನ್ನೇ, ಅಗಲ ತಟ್ಟೆಯೊಂದಿಗೆ. ತಟ್ಟೆ ಅಗಲವಾದಷ್ಟೂ ಭಾರ ಪಾದದ ಮೇಲೆ ಹರಡುತ್ತದೆ, ಒಂದೇ ಗೆರೆಯಲ್ಲಿ ಒತ್ತುವುದಿಲ್ಲ.

ಮಡಚುವ ಕೀಲಿನವು ಹರಡು ಗಟ್ಟಿಯಾಗಿರುವವರಿಗೆ ಒಗ್ಗುತ್ತವೆ. ನಿಮ್ಮ ಎಡ ಹರಡಿಗೆ ಆಧಾರ ಬೇಕು, ಕುಲುಕಾಟ ಬೇಡ. ಅದನ್ನು ಬಳಸುವವರು ಯಾರೇ ಆಗಲಿ ರಬ್ಬರು ಬಿರುಕು ಬಿಟ್ಟಿದೆಯೇ ಎಂದು ಆಗಾಗ ನೋಡುತ್ತಿರಬೇಕು.

ಉದ್ದದ ವಿಷಯ: ಪಾದಗಳನ್ನು ಹೊರತೆಗೆದು ಕಾಲು ಇಳಿಬಿಟ್ಟಾಗ ತಟ್ಟೆ ಹರಡಿನ ಮೂಳೆಗೆ ತಾಗುವಂತಿರಲಿ. ನೋವಿದೆ ಎಂದು ಇನ್ನೂ ಇಳಿಸಿದರೆ ತುದಿಗಾಲಿನಲ್ಲಿ ಹುಡುಕಬೇಕಾಗುತ್ತದೆ, ಆಗ ನೋವು ಸೊಂಟಕ್ಕೆ ಹತ್ತುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ನಿಧಾನ ನಡಿಗೆಯಲ್ಲಿ ಎರಡೂ ಪಾದ ಹೊರತೆಗೆದು ಹರಡನ್ನು ಸುತ್ತಿಸಿ. ಮರುದಿನ ಬೆಳಿಗ್ಗೆಯೂ ನೋವು ಹಾಗೆಯೇ ಇದ್ದರೆ ಹಿಂದಿನ ದಿನ ಹೆಚ್ಚಾಯಿತು ಎಂದೇ ತಿಳಿಯಿರಿ.

ದೂರದೂರು (ಟೆಕ್ಸಸ್):

ಇಲ್ಲಿನ ಕೌಬಾಯ್ ಜೀನಿನಲ್ಲೂ ಇದೇ ತೊಂದರೆ. ರಿಕಾಪಿನ ಮೇಲಿರುವ ಅಗಲ ಚರ್ಮ ಹೊಸದರಲ್ಲಿ ಹಲಗೆಯಷ್ಟು ಬಿರುಸು. ಇಲ್ಲಿಯವರು ಅದನ್ನು ಒದ್ದೆ ಮಾಡಿ, ತಿರುಚಿ, ಎರಡೂ ರಿಕಾಪುಗಳ ನಡುವೆ ಪೊರಕೆಯ ಕೋಲು ತೂರಿಸಿ ರಾತ್ರಿಯಿಡೀ ಬಿಡುತ್ತಾರೆ. ನನ್ನ ಮೊಣಕಾಲು ಉಳಿದದ್ದು ಆ ಕೋಲಿನಿಂದ. ನಿಮ್ಮ ಕಿರಿದಾದ ಪಟ್ಟಿಗೆ ಹೀಗೆ ಮಾಡಬೇಡಿ, ಅದು ಒಂದೇ ಕಡೆ ಹಿಗ್ಗೀತು. ಎಣ್ಣೆ ಹಚ್ಚಿ ಮೆತ್ತಗಿಟ್ಟುಕೊಂಡರೆ ಸಾಕು.

ಬೂದುಕುದುರೆ:

ಮೂವರಿಗೂ ಕೈಮುಗಿಯುತ್ತೇನೆ. ಮೂರು ವಾರದ ವಿವರ ಬರೆಯುತ್ತಿದ್ದೇನೆ.

ಹಳೇಸವಾರರೇ, ಮೊಳೆಗೆ ನೇತುಹಾಕಿದಾಗ ಎಡಪಟ್ಟಿ ಬಲದ್ದಕ್ಕಿಂತ ಒಂದು ಹೆಬ್ಬೆರಳಿನಷ್ಟು ಕೆಳಗಿತ್ತು! ಲಾಯದ ಹುಡುಗನೂ ನಾನೂ ಮುಖ ಮುಖ ನೋಡಿಕೊಂಡೆವು. ಇಷ್ಟು ವರ್ಷ ಬಲಗಾಲನ್ನು ಮಡಚಿಕೊಂಡೇ ಸವಾರಿ ಮಾಡಿದ್ದೇನೆ. ಬೂಟಿನ ಅಗಲ ಒಂಬತ್ತೂವರೆ ಸೆಂಟಿಮೀಟರ್, ರಿಕಾಪಿನದು ಹನ್ನೊಂದಕ್ಕೂ ಕಡಿಮೆ. ಮಕ್ಕಳ ಅಳತೆಯ ಜೊತೆ ಯಾವಾಗಲೋ ನನ್ನ ಜೀನಿಗೆ ಬಂದು ಸೇರಿದೆ.

ಪಟ್ಟಿಗಳನ್ನು ಹೊಸದಾಗಿ ಕಾನ್ಪುರದಿಂದ ತರಿಸಿದೆ. ಕಣ್ಣು ಅಡ್ಡಕ್ಕಿರುವ, ತಟ್ಟೆ ಅಗಲವಿರುವ, ಒಳಗೆ ಹನ್ನೆರಡು ಸೆಂಟಿಮೀಟರ್ ಇರುವ ಸ್ಟೀಲಿನ ಜೊತೆಯನ್ನು ಪರಿಚಯದವರಿಂದ ಒಂದು ವಾರಕ್ಕೆ ಎರವಲು ತಂದು ನೋಡಿ, ಆಮೇಲೆ ಕೊಂಡೆ. ಮೊದಲ ದಿನ ಪಾದ ತೂರಿಸಿದಾಗ ರಿಕಾಪು ತಿರುಗಿ ಓಡಲಿಲ್ಲ, ನನಗಾಗಿಯೇ ಕಾದಿದ್ದಂತೆ ಅಲ್ಲೇ ನಿಂತಿತ್ತು. ನಲವತ್ತು ನಿಮಿಷವಾದರೂ ಕಿರುಬೆರಳಿನಲ್ಲಿ ಜೋಮಿರಲಿಲ್ಲ. ಚುಚ್ಚುವುದು ಪೂರ್ತಿ ಹೋಗಿಲ್ಲ. ಟ್ರಾಟ್ ಹತ್ತು ನಿಮಿಷ ದಾಟಿದರೆ ಸುಳಿವು ಕೊಡುತ್ತದೆ, ಆಗ ನಡಿಗೆಗೆ ಇಳಿಸುತ್ತೇನೆ.

ಇಳಿಯುವುದು ಮಾತ್ರ ಇನ್ನೂ ಕಷ್ಟ. ಕಟ್ಟೆಯ ಪಕ್ಕಕ್ಕೇ ಅವಳನ್ನು ತಂದು ಅದರ ಮೇಲೆಯೇ ಇಳಿಯಬಹುದೇ, ಹಳೇಸವಾರರೇ?

ಹಳೇಸವಾರ (ಮೈಸೂರು):

ಧಾರಾಳವಾಗಿ ಇಳಿಯಿರಿ ತಾಯಿ. ಮೊದಲು ಎರಡೂ ಪಾದ ರಿಕಾಪಿನಿಂದ ಹೊರಗೆ ಬರಲಿ. ಕಟ್ಟೆ ಅಲುಗಾಡಬಾರದು, ಲಾಯದ ಹುಡುಗ ಲಗಾಮು ಹಿಡಿದಿರಲಿ. ಅವಳಿಗೂ ಅಭ್ಯಾಸವಾಗಬೇಕು, ಮೊದಲ ವಾರ ಅಲ್ಲಿ ನಿಂತಾಗಲೆಲ್ಲ ಒಂದು ತುಂಡು ಕ್ಯಾರೆಟ್ ಕೊಡಿ.