ಜೊಕೊವಿಚ್ ಇನ್ನು ಟೆನ್ನಿಸ್ ಸಾಕು ಅನ್ನಬೇಕಾ? ನಿಮಗೆಲ್ಲ ಏನನ್ನಿಸುತ್ತದೆ?

ಬದಿಯಡ್ಕ ಬ್ಯಾಕ್‌ಹ್ಯಾಂಡ್:
2025ರ ಸೀಸನ್ ಮುಗಿಯಿತು. ಜನವರಿಯಲ್ಲಿ ಮೆಲ್ಬರ್ನ್‌ನ ಆಸ್ಟ್ರೇಲಿಯಾ ಓಪನ್ ಶುರುವಾಗುವ ತನಕ ನೋಡಲು ಏನೂ ಇಲ್ಲ. ಹಾಗಾಗಿ ಮೂರು ತಿಂಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿರುವುದನ್ನು ಬರೆಯುತ್ತಿದ್ದೇನೆ. ಸೆಪ್ಟೆಂಬರ್ 5, ಓಣಂ ರಾತ್ರಿ. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಹನ್ನೆರಡೂವರೆಗೆ ಟಿವಿಯ ಸೌಂಡ್ ಸಣ್ಣ ಮಾಡಿ ಯುಎಸ್ ಓಪನ್ ಸೆಮಿಫೈನಲ್ ನೋಡಲು ಕೂತೆ. ಎರಡನೇ ಸೆಟ್‌ನಲ್ಲಿ ಜೊಕೊವಿಚ್ ಅಲ್ಕರಾಜ್‌ನ ಜೊತೆ ಟೈಬ್ರೇಕ್ ತನಕ ಜಗ್ಗಾಡಿದ. ಅದು ಕೈತಪ್ಪಿದ ಮೇಲೆ ಮುಗಿಯಿತು. ಮೂರನೇ ಸೆಟ್‌ನಲ್ಲಿ ಮೊದಲಾದರೆ ಜಾರಿಕೊಂಡು ಹೋಗಿ ತೆಗೆಯುತ್ತಿದ್ದ ಚೆಂಡನ್ನು ನಿಂತು ನೋಡುತ್ತಿದ್ದ. 6-4, 7-6, 6-2. ಐದು ಸೆಟ್‌ಗಳ ಆಟದಲ್ಲಿ ಅಲ್ಕರಾಜ್, ಸಿನ್ನರ್ ಇಬ್ಬರನ್ನೂ ಸೋಲಿಸುವುದು ತನಗೆ ತುಂಬಾ ಕಷ್ಟ ಅಂತ ಆಮೇಲೆ ಅವನೇ ಹೇಳಿದ. ಹದಿನೈದು ವರ್ಷದಿಂದ ಅವನ ಅಭಿಮಾನಿ ನಾನು. ಅವನ ಬಾಯಿಂದ ಆ ಮಾತು ಕೇಳಿ ನಿದ್ದೆ ಬರಲಿಲ್ಲ. 2024ರ ಆಗಸ್ಟ್ 4ರಂದು ಪ್ಯಾರಿಸ್‌ನಲ್ಲಿ ಇದೇ ಅಲ್ಕರಾಜ್‌ನನ್ನು ಸೋಲಿಸಿ ಒಲಿಂಪಿಕ್ಸ್ ಚಿನ್ನ ಗೆದ್ದ. ಅವನ ಹತ್ತಿರ ಇಲ್ಲದೆ ಇದ್ದದ್ದು ಅದೊಂದೇ. ಅವತ್ತೇ ನಿಲ್ಲಿಸಬೇಕಿತ್ತು.

ಉಪ್ಪಳ ಎಕ್ಸ್‌ಪ್ರೆಸ್:
ಅಣ್ಣ, ಬೇಜಾರು ಮಾಡಬೇಡಿ, ಇದನ್ನು ಒಪ್ಪಲು ಆಗುವುದಿಲ್ಲ. 38 ವರ್ಷಕ್ಕೆ ಒಂದೇ ವರ್ಷದಲ್ಲಿ ಟೆನ್ನಿಸ್‌ನ ಅತಿ ದೊಡ್ಡ ಟೂರ್ನಿಗಳಾದ ನಾಲ್ಕೂ ಗ್ರ್ಯಾಂಡ್ ಸ್ಲಾಮ್‌ಗಳ ಸೆಮಿಫೈನಲ್. ಅಲ್ಕರಾಜ್‌ಗೇ ಆಸ್ಟ್ರೇಲಿಯಾದಲ್ಲಿ ಸೆಮಿ ಸಿಗಲಿಲ್ಲ, ಕ್ವಾರ್ಟರ್‌ನಲ್ಲಿ ಅವನನ್ನು ಮನೆಗೆ ಕಳಿಸಿದ್ದು ಇದೇ ಜೊಕೊವಿಚ್, ಅದೂ ತೊಡೆಯ ಸ್ನಾಯು ಹರಿದ ಕಾಲಿನಲ್ಲಿ. ಮೇ ತಿಂಗಳಲ್ಲಿ ಜಿನೀವಾದಲ್ಲಿ ನೂರನೇ ಪ್ರಶಸ್ತಿ, ನವೆಂಬರ್‌ನಲ್ಲಿ ಅಥೆನ್ಸ್‌ನಲ್ಲಿ 101ನೆಯದು. ಇದಕ್ಕೆ ಇಳಿಗಾಲ ಅಂತ ಹೆಸರಿಟ್ಟರೆ ಉಳಿದವರ ಆಟಕ್ಕೆ ಏನು ಹೆಸರಿಡುತ್ತೀರಿ?

ಬದಿಯಡ್ಕ ಬ್ಯಾಕ್‌ಹ್ಯಾಂಡ್:
ಅಕ್ಟೋಬರ್‌ನ ಶಾಂಘೈ ಟೂರ್ನಿ ಮರೆತುಬಿಟ್ಟಿರಾ? ಸೆಮಿಫೈನಲ್‌ನಲ್ಲಿ ಮೊನಾಕೊದ ವಾಶೆರೊ ಎದುರು 6-3, 6-4ರಿಂದ ಸೋತ. ಆ ಹುಡುಗನ ಆಗಿನ ರ‍್ಯಾಂಕ್ 204. ಅದಕ್ಕೂ ಮೊದಲಿನ ಒಂದು ಪಂದ್ಯದಲ್ಲಿ ಜೊಕೊವಿಚ್ ಸೆಕೆ ತಡೆಯಲಾಗದೆ ಕೋರ್ಟ್ ಬದಿಯಲ್ಲೇ ವಾಂತಿ ಮಾಡಿಕೊಂಡ. 24 ಸ್ಲಾಮ್ ಗೆದ್ದವನನ್ನು ಆ ಸ್ಥಿತಿಯಲ್ಲಿ ನೋಡಲು ನನ್ನಿಂದ ಆಗುವುದಿಲ್ಲ.

ಉಪ್ಪಳ ಎಕ್ಸ್‌ಪ್ರೆಸ್:
ಅದೇ ಶಾಂಘೈಯಲ್ಲಿ ಸಿನ್ನರ್ ಕೂಡ ಕಾಲು ಹಿಡಿದುಕೊಂಡು ಪಂದ್ಯ ಬಿಟ್ಟು ಹೋದ. ಅವನಿಗೆ 24 ವರ್ಷ. ಮತ್ತೆ ವಾಶೆರೊ ಆ ಟೂರ್ನಿಯನ್ನೇ ಗೆದ್ದ, ಸ್ಲಾಮ್ ಬಿಟ್ಟರೆ ದೊಡ್ಡ ಟೂರ್ನಿಗಳಾದ ಮಾಸ್ಟರ್ಸ್ ಗೆದ್ದವರಲ್ಲಿ ಅಷ್ಟು ಕೆಳಗಿನ ರ‍್ಯಾಂಕಿನವ ಇನ್ನೊಬ್ಬನಿಲ್ಲ. ಅವನು ಚೆನ್ನಾಗಿ ಆಡಿದ ಅಂತ ಹೇಳುವುದನ್ನು ಬಿಟ್ಟು ಜೊಕೊವಿಚ್‌ಗೆ ವಯಸ್ಸಾಯಿತು ಅಂದರೆ ಆ ಹುಡುಗನಿಗೂ ಅನ್ಯಾಯ ಅಲ್ವಾ?

ನೀರ್ಚಾಲು ಮಾಷ್ಟ್ರು:
ನಿಮ್ಮಿಬ್ಬರದ್ದೂ ಓದಿದೆ. ನಾನು ಟೆನ್ನಿಸ್ ನೋಡಲು ಶುರು ಮಾಡಿದ್ದು ಸಾಂಪ್ರಾಸ್ ಕಾಲದಲ್ಲಿ, ಹಾಗಾಗಿ ಅವನದ್ದೇ ಕತೆ ಹೇಳುತ್ತೇನೆ. 2002ರ ವಿಂಬಲ್ಡನ್. ಏಳು ಸಲ ಅಲ್ಲಿ ಗೆದ್ದವನನ್ನು ಸೆಂಟರ್ ಕೋರ್ಟ್ ಬಿಟ್ಟು ಎರಡನೇ ನಂಬರ್ ಕೋರ್ಟಿಗೆ ಹಾಕಿದರು. ಎದುರಿಗೆ ಸ್ವಿಟ್ಜರ್ಲೆಂಡಿನ ಬಾಸ್ಟ್ಲ್, ಅರ್ಹತಾ ಸುತ್ತಿನಲ್ಲಿ ಸೋತು, ಬೇರೆಯವರು ಹಿಂದೆ ಸರಿದದ್ದರಿಂದ ಒಳಗೆ ಬಂದವ. ಬದಿ ಬದಲಾಯಿಸುವಾಗ ಕುರ್ಚಿಯಲ್ಲಿ ಕೂತು ಸಾಂಪ್ರಾಸ್ ಒಂದು ಕಾಗದ ತೆಗೆದು ಓದುತ್ತಿದ್ದ. ಹೆಂಡತಿ ಬರೆದುಕೊಟ್ಟ ಪತ್ರ ಅದು. ನೀನು ಯಾರು ಅಂತ ಅವನಿಗೆ ನೆನಪಿಸುವ ಪತ್ರ. ಓದಿ, ಮಡಚಿ ಇಟ್ಟು, ಎದ್ದು ಹೋಗಿ ಐದು ಸೆಟ್ ಆಡಿ ಸೋತ. ಎರಡು ವರ್ಷದಿಂದ ಒಂದು ಪ್ರಶಸ್ತಿಯೂ ಇರಲಿಲ್ಲ. ಮುಗಿಯಿತು, ಇನ್ನೆಂತಕ್ಕೆ ಆಡುತ್ತಾನೆ ಅಂತ ಊರೆಲ್ಲ ಹೇಳಿತು. ನಾನೂ ಸ್ಟಾಫ್ ರೂಮಿನಲ್ಲಿ ಹಾಗೇ ಹೇಳಿದ್ದೆ. ಯುಎಸ್ ಓಪನ್‌ನಲ್ಲಿ ಅವನಿಗೆ ಸೋತ ರುಸೆಡ್‌ಸ್ಕಿ ಕೂಡ ಇವನು ಒಂದೂವರೆ ಹೆಜ್ಜೆ ನಿಧಾನ, ಮುಂದಿನ ಸುತ್ತಿನಲ್ಲಿ ಸೋಲುತ್ತಾನೆ ಅಂದ. ಸಾಂಪ್ರಾಸ್ ಸೋಲಲಿಲ್ಲ. ಫೈನಲ್‌ನಲ್ಲಿ ಅಗಾಸಿಯನ್ನು ಸೋಲಿಸಿ 14ನೇ ಸ್ಲಾಮ್ ಎತ್ತಿದ. ಆಮೇಲೆ ಟೂರಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಬದಿಯಡ್ಕ ಬ್ಯಾಕ್‌ಹ್ಯಾಂಡ್:
ಅದೇ ಮಾಷ್ಟ್ರೇ, ನಾನು ಹೇಳುವುದೂ ಅದೇ. ಗೆದ್ದು ನಿಲ್ಲಿಸಿದ. ಅದಕ್ಕೇ ಇವತ್ತಿಗೂ ನೀವು ಅವನ ಕತೆ ಹೇಳುತ್ತಿದ್ದೀರಿ.

ನೀರ್ಚಾಲು ಮಾಷ್ಟ್ರು:
ಅಲ್ಲ ಮಾರಾಯ್ರೆ, ಸರಿಯಾಗಿ ನೋಡಿ. ವಿಂಬಲ್ಡನ್‌ನಲ್ಲಿ ಸೋತಾಗ ನನ್ನ ಮಾತು, ನಿಮ್ಮ ಮಾತು ಕೇಳಿದ್ದರೆ ಸೆಪ್ಟೆಂಬರ್‌ನ ಆ ಗೆಲುವು ಇರುತ್ತಲೇ ಇರಲಿಲ್ಲ. ಆ ಕಾಗದ ಓದಿದ ದಿನವೇ ಅವನ ಕೊನೆಯ ದಿನ ಆಗುತ್ತಿತ್ತು.

ಅಡೂರು ಅಕ್ಕ:
ಮಾಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಕೊನೆಗೆ ಒಂದು ಕಪ್ ಸಿಕ್ಕಿದರೆ ಮಾತ್ರ ಮುಂದುವರಿಸಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಸೆರೆನಾಳನ್ನು ನೋಡಿ. 2017ರಲ್ಲಿ ಗರ್ಭಿಣಿಯಾಗಿ ಆಸ್ಟ್ರೇಲಿಯಾ ಓಪನ್ ಗೆದ್ದಳು. ಹೆರಿಗೆಯಲ್ಲಿ ಜೀವಕ್ಕೇ ಅಪಾಯ ಆಗಿತ್ತು. ಅದರಿಂದ ಎದ್ದು ಬಂದು 2018, 2019ರಲ್ಲಿ ನಾಲ್ಕು ಸ್ಲಾಮ್ ಫೈನಲ್ ಆಡಿದಳು. ನಾಲ್ಕರಲ್ಲೂ ಸೋತಳು, ಒಂದು ಸೆಟ್ ಕೂಡ ಸಿಗಲಿಲ್ಲ. 24ನೇ ಸ್ಲಾಮ್ ಬರಲೇ ಇಲ್ಲ. ಮಗು ಹೆತ್ತ ಯಾವ ಹೆಂಗಸನ್ನಾದರೂ ಕೇಳಿ, ಆ ನಾಲ್ಕು ಫೈನಲ್‌ಗಳ ಬೆಲೆ ಏನು ಅಂತ. ನನಗೆ ಅವಳ 23 ಗೆಲುವುಗಳಿಗಿಂತ ಆ ನಾಲ್ಕು ಸೋಲುಗಳೇ ಜಾಸ್ತಿ ಹತ್ತಿರ.

ನಮ್ಮ ಯಕ್ಷಗಾನದಲ್ಲೇ ನೋಡಿ. ಎಳೆಯ ವೀರರ ಪುಂಡುವೇಷದಲ್ಲಿ ಹಾರಿ ಸುತ್ತುವ ಧೀಂಗಿಣ ಹಾಕಿ ಹಾಕಿ ರಂಗಸ್ಥಳ ನಡುಗಿಸಿದವರು ವಯಸ್ಸಾದ ಮೇಲೆ ಕಿರೀಟ ವೇಷಕ್ಕೆ ಬರುತ್ತಾರೆ, ಗಂಟು ನೋವಾದರೆ ಕುಣಿತವಿಲ್ಲದ ತಾಳಮದ್ದಳೆಯಲ್ಲಿ ಕೂತು ಅರ್ಥ ಹೇಳುತ್ತಾರೆ. ಮೊದಲಿನ ಹಾಗೆ ಕುಣಿಯುವುದಿಲ್ಲ ಅಂತ ಯಾರಾದರೂ ಅವರನ್ನು ವೇಷ ಕಟ್ಟುವ ಚೌಕಿಯಿಂದ ಹೊರಗೆ ಹಾಕುತ್ತಾರಾ? ಬೆಳಗ್ಗಿನ ಜಾವ ಅವರ ಒಂದು ಮಾತು ಕೇಳಲೆಂದೇ ಜನ ನಿದ್ದೆಗೆಟ್ಟು ಕೂರುತ್ತಾರೆ.

ಬದಿಯಡ್ಕ ಬ್ಯಾಕ್‌ಹ್ಯಾಂಡ್:
ಅಕ್ಕ, ಹೋಲಿಕೆ ಚೆಂದ ಉಂಟು, ಆದರೆ ಕೂಡುವುದಿಲ್ಲ. ಯಕ್ಷಗಾನದಲ್ಲಿ ಎದುರು ವೇಷದವರು ಹಿರಿಯರನ್ನು ನೋಡಿ ಸ್ವಲ್ಪ ತಗ್ಗಿಸಿಕೊಳ್ಳುತ್ತಾರೆ, ಹಾಡುವ ಭಾಗವತರೂ ಕಾಲ ನೋಡಿ ಪದ್ಯ ಎತ್ತುತ್ತಾರೆ. ಇಬ್ಬರೂ ಸೇರಿ ಪ್ರಸಂಗ ಗೆಲ್ಲಿಸುವುದು ಅಲ್ಲಿ. ಸಿನ್ನರ್ ತಗ್ಗಿಸುತ್ತಾನಾ? ಜುಲೈ 11ರ ವಿಂಬಲ್ಡನ್ ಸೆಮಿ ನೆನಪಿದೆಯಾ? ಹಿಂದಿನ ಪಂದ್ಯದ ಕೊನೆಯಲ್ಲಿ ಬಿದ್ದು ನೋವು ಮಾಡಿಕೊಂಡವನನ್ನು ಸಿನ್ನರ್ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಿಸಿದ. 6-3, 6-3, 6-4. ತಪ್ಪು ಅಂತ ಹೇಳುವುದಿಲ್ಲ, ಆಟ ಅಂದರೆ ಅದೇ. ಅದಕ್ಕೇ ಇಲ್ಲಿ ಇಳಿಗಾಲ ಇಷ್ಟು ಕ್ರೂರ.

ಅಡೂರು ಅಕ್ಕ:
ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ನೀವು ಹೇಳಿದ್ದು ಸರಿಯೇ, ಎದುರಿನವ ಕೈ ಹಿಡಿಯುವುದಿಲ್ಲ. ಆದರೂ ನಿಲ್ಲಿಸು ಅಂತ ಹೇಳುವ ಹಕ್ಕು ನಮಗೆ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಹಾಗೇ ಉಳಿಯಿತು ನೋಡಿ.

ಮುಳ್ಳೇರಿಯ ತೋಟದವ:
ತಡವಾಗಿ ನೋಡಿದೆ. ನಾನು ಫೆಡರರ್ ಕಡೆಯವ. 2021ರ ವಿಂಬಲ್ಡನ್, ಹುರ್ಕಾಜ್ ಎದುರು ಕೊನೆಯ ಸೆಟ್ 6-0. ಆ ದಿನ ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಬಿಟ್ಟು, ಮೈಕೈಯೆಲ್ಲ ಸುಣ್ಣ ಮೈಲುತುತ್ತಿನ ನೀಲಿ, ಮಿಂದು ಬಂದು ಕೂತದ್ದು. ಅವನ ಆಟ ಅಂದರೆ ಹುಲ್ಲಿನ ಕೋರ್ಟ್, ಹುಲ್ಲಿನ ಕೋರ್ಟ್ ಅಂದರೆ ಅವನ ಆಟ. ಅಲ್ಲಿ ಒಂದು ಗೇಮ್ ಕೂಡ ಸಿಗದೆ ಸೆಟ್ ಹೋಯಿತು. ಸಿಂಗಲ್ಸ್‌ನಲ್ಲಿ ಅವನ ಕೊನೆಯ ಪಂದ್ಯ ಅದು ಅಂತ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಎದ್ದು ಹೋಗುತ್ತಿರಲಿಲ್ಲ. ಮೂರನೇ ಸೆಟ್ ಅರ್ಧದಲ್ಲಿ ನಾನು ಎದ್ದು ಊಟಕ್ಕೆ ಹೋಗಿದ್ದೆ. ಆ ಬೇಸರ ಇನ್ನೂ ಉಂಟು.

ಅದಕ್ಕೇ ಹೇಳುವುದು, ಕೊನೆಯ ತನಕ ನೋಡಿ. ನಮ್ಮಲ್ಲಿ ಅಡಿಕೆ ಕೊಯ್ಯಲು ಬರುವವರಿಗೆ ಅರುವತ್ತು ದಾಟಿತು. ಪ್ರಾಯದಲ್ಲಿ ಮರದಿಂದ ಮರಕ್ಕೆ ಹಾರುತ್ತಿದ್ದರು, ಒಂದು ಸಲ ಹತ್ತಿದರೆ ಒಂದು ಸಾಲು ಮುಗಿಸಿಯೇ ಇಳಿಯುತ್ತಿದ್ದರು. ಈಗ ಹಾರುವುದಿಲ್ಲ. ಹತ್ತುವ ಮೊದಲು ಮರಕ್ಕೆ ಕೈ ಇಟ್ಟು ಒಮ್ಮೆ ಮೇಲೆ ನೋಡುತ್ತಾರೆ. ಗಾಳಿ ಯಾವ ಕಡೆ, ಯಾವ ಗೊನೆ ಮೊದಲು, ಎಲ್ಲ ಕೆಳಗೇ ಲೆಕ್ಕ ಆಗುತ್ತದೆ. ಮೊದಲು ಇದೆಲ್ಲ ನನಗೆ ಕಾಣುತ್ತಲೇ ಇರಲಿಲ್ಲ, ಅಷ್ಟು ಬೇಗ ಮುಗಿಸುತ್ತಿದ್ದರು. ಜೊಕೊವಿಚ್‌ನಲ್ಲೂ ಈಗ ಅದೇ ಕಾಣುತ್ತದೆ. ಓಡಲು ಆಗದ್ದಕ್ಕೆ ಸರ್ವ್ ಗಟ್ಟಿ ಮಾಡಿಕೊಂಡಿದ್ದಾನೆ. ಪಾಯಿಂಟ್ ಬೇಗ ಮುಗಿಸಲು ಡ್ರಾಪ್ ಶಾಟ್ ಹಾಕುತ್ತಾನೆ. ಯಾವ ಗೇಮ್ ಬಿಡಬೇಕು, ಯಾವುದಕ್ಕೆ ಜೀವ ಕೊಡಬೇಕು ಅಂತ ಆಯ್ದುಕೊಳ್ಳುತ್ತಾನೆ. ಗೆಲ್ಲುತ್ತಿದ್ದಾಗ ಅವನ ತಲೆ ಹೇಗೆ ಓಡುತ್ತದೆ ಅಂತ ನಮಗೆ ಇಷ್ಟು ಸ್ಪಷ್ಟ ಕಂಡದ್ದುಂಟಾ?

ಹೊಸಂಗಡಿ ಹಾಫ್‌ವಾಲಿ:
ಎಲ್ಲರೂ ಹಳಬರ ಬಗ್ಗೆಯೇ ಮಾತಾಡುತ್ತಿದ್ದೀರಿ. ಟೆನ್ನಿಸ್‌ಗೆ ಈಗ ಹಿಡಿದಿರುವ ರೋಗ ಬೇರೆ. 2024, 2025, ಎರಡು ವರ್ಷದ ಎಂಟೂ ಪುರುಷರ ಸ್ಲಾಮ್‌ಗಳನ್ನು ಸಿನ್ನರ್ ಮತ್ತು ಅಲ್ಕರಾಜ್ ಇಬ್ಬರೇ ಹಂಚಿಕೊಂಡರು, ನಾಲ್ಕು ನಾಲ್ಕು. ಮೂರನೆಯವ ಎಲ್ಲಿ? ಒಂದು ಕೈಯ ಬ್ಯಾಕ್‌ಹ್ಯಾಂಡ್ ನೋಡಲು ಸಿಗುವುದೇ ಅಪರೂಪ, 2024ರ ಫೆಬ್ರವರಿಯಲ್ಲಿ ರ‍್ಯಾಂಕಿಂಗ್ ಶುರುವಾದ ಮೇಲೆ ಮೊದಲ ಸಲ ಮೊದಲ ಹತ್ತರಲ್ಲಿ ಅದನ್ನು ಆಡುವ ಒಬ್ಬನೂ ಇಲ್ಲದ ಹಾಗಾಯಿತು. ವಿಂಬಲ್ಡನ್‌ನಲ್ಲಿ 2001ರಲ್ಲಿ ಹುಲ್ಲಿನ ತಳಿ ಬದಲಾಯಿಸಿದರು, ಚೆಂಡು ಮೇಲೆ ಏಳತೊಡಗಿತು, ನೆಟ್‌ಗೆ ನುಗ್ಗುವವರು ಕಮ್ಮಿಯಾದರು. ಈಗ ಮಣ್ಣಿನ ಮೇಲೂ ಹುಲ್ಲಿನ ಮೇಲೂ ಹಿಂದೆ ನಿಂತು ಹೊಡೆಯುವುದೇ ಆಟ. ಅದರ ಮೇಲೆ ಕ್ಯಾಲೆಂಡರ್. ಜನವರಿಯಿಂದ ನವೆಂಬರ್ ತನಕ ಬಿಡುವಿಲ್ಲ. ಒಂದು ವಾರದಲ್ಲಿ ಮುಗಿಯುತ್ತಿದ್ದ ಮಾಸ್ಟರ್ಸ್ ಟೂರ್ನಿಗಳಲ್ಲಿ ಹೆಚ್ಚಿನವನ್ನು 12 ದಿನಕ್ಕೆ ಎಳೆದಿದ್ದಾರೆ. ಅಕ್ಟೋಬರ್‌ನಲ್ಲಿ ಡೆನ್ಮಾರ್ಕಿನ ರೂನೆಯ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು, 22 ವರ್ಷದ ಹುಡುಗ.

ಉಪ್ಪಳ ಎಕ್ಸ್‌ಪ್ರೆಸ್:
ಕ್ಯಾಲೆಂಡರ್ ಬಗ್ಗೆ ಒಪ್ಪುತ್ತೇನೆ. ಆದರೆ ಅದೇ ಅಕ್ಟೋಬರ್‌ನಲ್ಲಿ ರಿಯಾದ್‌ನ ಪ್ರದರ್ಶನ ಪಂದ್ಯಗಳಿಗೆ ದೊಡ್ಡವರೆಲ್ಲ ಹೋದರು. ಗೆದ್ದ ಸಿನ್ನರ್‌ಗೆ 60 ಲಕ್ಷ ಡಾಲರ್. ಜೊಕೊವಿಚ್ ಕೂಡ ಹೋದ, ಮೂರನೇ ಸ್ಥಾನದ ಪಂದ್ಯದಲ್ಲಿ ಒಂದು ಸೆಟ್ ಆಡಿ ನಿಲ್ಲಿಸಿದ. ಸುಸ್ತಾಯಿತು ಅನ್ನುವವರು ಅಲ್ಲಿಗೆ ಹೋಗಬಾರದಿತ್ತು. ಇದೊಂದು ವಿಷಯದಲ್ಲಿ ಅವನ ಮೇಲೆ ನನಗೂ ಸಿಟ್ಟುಂಟು.

ಅಡೂರು ಅಕ್ಕ:
ಮೂರನೆಯವ ಎಲ್ಲಿ ಅಂದರೆ, ಮಹಿಳೆಯರ ಆಟ ನೋಡಿ ಅಂತ ಹೇಳುತ್ತೇನೆ. 2025ರಲ್ಲಿ ನಾಲ್ಕು ಸ್ಲಾಮ್, ನಾಲ್ಕು ಜನ ಗೆದ್ದರು: ಕೀಸ್, ಗಾಫ್, ಶ್ವಿಯಾಂಟೆಕ್, ಸಬಲೆಂಕಾ. ಕೀಸ್‌ಗೆ 29 ವರ್ಷಕ್ಕೆ ಮೊದಲ ಸ್ಲಾಮ್. ಟೆನ್ನಿಸ್ ಸತ್ತಿತು ಅನ್ನುವವರು ಅರ್ಧ ಟೆನ್ನಿಸ್ ಮಾತ್ರ ನೋಡುತ್ತಾರೆ.

ಪೆರ್ಲ ಟು ಮಂಗಳೂರು:
ನಾನು ಇಲ್ಲಿ ಬರೆಯುವುದು ಕಮ್ಮಿ. ಮಗಳು ಟೆನ್ನಿಸ್ ಆಡುತ್ತಾಳೆ, ಹನ್ನೆರಡು ವರ್ಷ. ನಮ್ಮ ಊರಿನ ಹತ್ತಿರ ಕೋರ್ಟ್ ಇಲ್ಲ. ವಾರಕ್ಕೆ ಎರಡು ದಿನ ಶಾಲೆ ಬಿಟ್ಟ ಕೂಡಲೇ ಮಂಗಳೂರಿಗೆ ಬಸ್ಸು, ಬರುವಾಗ ರಾತ್ರಿ. ರಾಕೆಟ್‌ನ ಗಟ್ ಹರಿದರೆ ಆ ವಾರದ ಮನೆ ಖರ್ಚಿನಲ್ಲಿ ಕಡಿಮೆ ಮಾಡಬೇಕು. ಹಾಗಾಗಿ ನನಗೆ ಟೆನ್ನಿಸ್‌ನ ಸ್ಥಿತಿ ಅಂದರೆ ಜೊಕೊವಿಚ್ ಅಲ್ಲ, ಸುಮಿತ್ ನಗಾಲ್. ಭಾರತದ ನಂಬರ್ ಒನ್ ಆಗಿದ್ದವರು 2023ರಲ್ಲಿ ತನ್ನ ಖಾತೆಯಲ್ಲಿ 900 ಯೂರೊ ಮಾತ್ರ ಇದೆ ಅಂತ ಹೇಳಿದರು. ನಾಲ್ಕು ತಿಂಗಳಾದ ಮೇಲೆ ಮೆಲ್ಬರ್ನ್‌ನಲ್ಲಿ 31ನೇ ಶ್ರೇಯಾಂಕದ ಬುಬ್ಲಿಕ್‌ನನ್ನು ಸೋಲಿಸಿದರು. 1989ರಲ್ಲಿ ರಮೇಶ್ ಕೃಷ್ಣನ್ ಗೆದ್ದ ಮೇಲೆ ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕದವನೊಬ್ಬನನ್ನು ಸೋಲಿಸಿದ ಮೊದಲ ಭಾರತೀಯ ಪುರುಷ ಅವರು. ಚೆನ್ನೈಯಲ್ಲಿ ಇದ್ದ ಎಟಿಪಿ (ಪುರುಷರ ವಿಶ್ವ ಟೂರಿನ) ಟೂರ್ನಿ 2018ಕ್ಕೆ ಪುಣೆಗೆ ಹೋಯಿತು, 2023ರ ನಂತರ ಅದೂ ಇಲ್ಲ. ನಮ್ಮ ಮಕ್ಕಳು ದೊಡ್ಡ ಆಟಗಾರರನ್ನು ಕಣ್ಣಾರೆ ನೋಡುವುದು ಎಲ್ಲಿ?

ಮಗಳ ರೂಮಿನಲ್ಲಿ ಇರುವುದು ಬೋಪಣ್ಣ ಅವರ ಫೋಟೊ. ನಮ್ಮ ಗುಡ್ಡದ ಆಚೆ ಕಡೆಯ ಕೊಡಗಿನವರು. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು, ಅಯ್ಯಂಗಾರ್ ಯೋಗ ಮಾಡಿ ಕಾಲು ಉಳಿಸಿಕೊಂಡರು. 43ಕ್ಕೆ ಆಸ್ಟ್ರೇಲಿಯಾ ಓಪನ್ ಡಬಲ್ಸ್ ಗೆದ್ದು ನಂಬರ್ ಒನ್ ಆದರು. 35ಕ್ಕೆ ಸಾಕು ಅಂತ ಯಾರಾದರೂ ನಿಲ್ಲಿಸಿದ್ದರೆ? ಈ ನವೆಂಬರ್ 1ರಂದು ಅವರು ನಿವೃತ್ತಿ ಹೇಳಿದಾಗ ಮಗಳು ಅತ್ತಳು. ಆದರೆ ಮರುದಿನ ಬಸ್ಸಿಗೆ ನನಗಿಂತ ಮೊದಲು ಹೊರಟು ನಿಂತಿದ್ದಳು.

ನೀರ್ಚಾಲು ಮಾಷ್ಟ್ರು:
ಪೆರ್ಲದವರೇ, ಮಗಳಿಗೆ ನನ್ನ ಆಶೀರ್ವಾದ ಹೇಳಿ. ಬಳಸದೆ ಇಟ್ಟ ಎರಡು ರಾಕೆಟ್ ನನ್ನಲ್ಲಿ ಉಂಟು, ಅವಳ ಕೈಗೆ ಭಾರವಾಗುತ್ತದೋ ಏನೋ, ಒಮ್ಮೆ ಬಂದು ನೋಡಿ.

ಬದಿಯಡ್ಕ ಬ್ಯಾಕ್‌ಹ್ಯಾಂಡ್:
ಎಲ್ಲರದ್ದೂ ಎರಡೆರಡು ಸಲ ಓದಿದೆ. ಆಡುವ ಹಕ್ಕು ಅವನದ್ದು, ಅದನ್ನು ಒಪ್ಪಿದೆ. ನಿಲ್ಲಿಸಬೇಕಿತ್ತು ಅಂತ ಬರೆದದ್ದು ನನ್ನ ನೋವಿಗೆ, ಅವನ ಒಳ್ಳೆಯದಕ್ಕೆ ಅಲ್ಲ, ಅದು ಈಗ ಗೊತ್ತಾಗುತ್ತಿದೆ. ಆದರೆ ಆ ಮೂರನೇ ಸೆಟ್ ನೋಡುವುದು ಕಷ್ಟ, ಅದರಲ್ಲಿ ನನ್ನ ಮಾತು ಬದಲಾಗುವುದಿಲ್ಲ.

ಮುಳ್ಳೇರಿಯ ತೋಟದವ:
ಕಷ್ಟವೇ. ಮೆಲ್ಬರ್ನ್‌ನ ರಾತ್ರಿ ಪಂದ್ಯ ನಮಗೆ ಮಧ್ಯಾಹ್ನ ಒಂದೂವರೆಗೆ. ಜನವರಿಯಲ್ಲಿ ಅಂಗಳ ತುಂಬ ಅಡಿಕೆ ಒಣಗುತ್ತಿರುತ್ತದೆ, ನಾನು ಮನೆಯಲ್ಲೇ ಇರುತ್ತೇನೆ. ನೀವು ಬನ್ನಿ. ಅವನು ಸೋತರೂ ಕೊನೆಯ ಪಾಯಿಂಟ್ ತನಕ ಕೂರೋಣ, ಈ ಸಲ ನಾನು ಊಟಕ್ಕೆ ಏಳುವುದಿಲ್ಲ.